‘ಒಂದು ನಂಬರ್ ತಾನೆ, ಸಹಿ ಹಾಕಿ’ ಅಂದರೆ ಏನು ಮಾಡಬೇಕು?

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರ್, ವಯಸ್ಸು 28. ಒಂದು ಅಪಾರ್ಟ್‌ಮೆಂಟ್ ಸೈಟಿನಲ್ಲಿ ಕಂಟ್ರಾಕ್ಟರ್ ಕಡೆಯ ಕ್ವಾಲಿಟಿ ಎಂಜಿನಿಯರ್ ಆಗಿದ್ದೇನೆ. ಎರಡನೇ ಮಹಡಿಯ ಸ್ಲ್ಯಾಬ್ ಎಂ-25 ಕಾಂಕ್ರೀಟು, ಅಂದರೆ ಚದರ ಮಿಲಿಮೀಟರಿಗೆ 25 ನ್ಯೂಟನ್ ತಡೆಯಬೇಕು. ಅದೇ ಕಾಂಕ್ರೀಟಿನಿಂದ ಪರೀಕ್ಷೆಗೆ ಅಂತ ಮಾಡಿಟ್ಟ ಕ್ಯೂಬುಗಳನ್ನು 28ನೇ ದಿನ ಒಡೆಸಿದಾಗ ಮೂರರ ಸರಾಸರಿ 20 ಬಂತು. ಪ್ರಾಜೆಕ್ಟ್ ಮ್ಯಾನೇಜರ್ “27 ಅಂತ ಬರೆದು ಸಹಿ ಹಾಕಿ, ರನ್ನಿಂಗ್ ಬಿಲ್ ನಿಂತುಹೋಗಿದೆ” ಅನ್ನುತ್ತಿದ್ದಾರೆ. ಮೀಟಿಂಗಿನಲ್ಲಿ ಇದ್ದವರೆಲ್ಲ “ಒಂದು ನಂಬರ್ ತಾನೆ ಮೇಡಂ, ಎಲ್ಲ ಸೈಟಿನಲ್ಲೂ ಇದೇ ನಡೆಯೋದು” ಅಂದರು. ಅಪ್ಪನಿಗೆ ಹೇಳಿದರೆ “ದೊಡ್ಡವರ ಹತ್ತಿರ ಜಗಳ ಬೇಡಮ್ಮಾ, ಲೋನ್ ಇದೆ” ಅನ್ನುತ್ತಾರೆ. ಇನ್ನೊಂದು ವಿಷಯ. ಹೋದ ವರ್ಷ ಕಂಬಿಗಳ ಸುತ್ತ ಕಟ್ಟುವ ಸ್ಟಿರಪ್‌ಗಳ ಅಂತರದ ಬಗ್ಗೆ ನಾನು ಹಠ ಹಿಡಿದು ಅರ್ಧ ದಿನ ಕೆಲಸ ನಿಲ್ಲಿಸಿದ್ದೆ. ಆಮೇಲೆ ನೋಡಿದರೆ ನನ್ನ ಕೈಯಲ್ಲಿದ್ದದ್ದು ಹಳೇ ಡ್ರಾಯಿಂಗು. ಅದನ್ನೇ ಈಗಲೂ ಎತ್ತಿ ಆಡುತ್ತಾರೆ. ನಾನು ಹಠಮಾರಿಯಾ? ಎಲ್ಲಿ ಗಟ್ಟಿ ನಿಲ್ಲಬೇಕು, ಎಲ್ಲಿ ಬಗ್ಗಬೇಕು? ಹೆಸರು, ಊರು ಹಾಕಬೇಡಿ.

ಉತ್ತರ: ಮೊದಲು ಸುತ್ತುಬಳಸಿಲ್ಲದೆ ಹೇಳಿಬಿಡುತ್ತೇನೆ. 27 ಅಂತ ಬರೆದ ಕಾಗದಕ್ಕೆ ಸಹಿ ಹಾಕಬೇಡಿ. ಇದರಲ್ಲಿ ಎರಡು ಮಾತಿಲ್ಲ.

ಆದರೆ ನಿಮ್ಮ ಪತ್ರದಲ್ಲಿ ಎರಡು ವಿಷಯ ಕಲಸಿಹೋಗಿವೆ. ಮೆಷಿನ್ ತೋರಿಸಿದ ನಂಬರ್ ಎಷ್ಟು ಅನ್ನುವುದು ಒಂದು. ಆ ಸ್ಲ್ಯಾಬ್ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ನೀವು ಒಂದಿಂಚೂ ಕದಲಬಾರದು. ಎರಡನೆಯದರಲ್ಲಿ ನಿಮ್ಮ ಅಭಿಪ್ರಾಯ ಬದಲಾಗುವುದಕ್ಕೆ ಪೂರ್ತಿ ಜಾಗ ಇಟ್ಟುಕೊಂಡಿರಬೇಕು. ಇವೆರಡನ್ನೂ ಬೇರೆ ಮಾಡದೆ ಹೋಗಿ ಕೂತರೆ ಮೀಟಿಂಗಿನಲ್ಲಿ ನೀವು ಸೋಲುತ್ತೀರಿ. ಅಥವಾ ಗೆದ್ದರೂ ಮತ್ತೊಂದು ಹಳೇ ಡ್ರಾಯಿಂಗಿನ ಕಥೆ ಆಗುತ್ತದೆ.

ಸ್ವಲ್ಪ ಲೆಕ್ಕ ಮಾಡೋಣ. ಕ್ಯೂಬಿನ ಬದಿ 150 ಮಿಲಿಮೀಟರು. ಒತ್ತಡ ಬೀಳುವ ಮುಖ 22,500 ಚದರ ಮಿಲಿಮೀಟರು. ಸರಾಸರಿ 20 ಬಂದಿದೆ ಅಂದರೆ ಮೆಷಿನ್ನಿನ ಮುಳ್ಳು ಹತ್ತಿರ ಹತ್ತಿರ 450 ಕಿಲೋನ್ಯೂಟನ್‌ಗೆ ನಿಂತಿದೆ. 25 ಬರಬೇಕಿದ್ದರೆ ಅದು 562 ದಾಟಬೇಕಿತ್ತು. 27 ಅಂತ ಬರೆಯಬೇಕಾದರೆ ಯಾರಾದರೂ 607 ಅಂತ ಓದಬೇಕಿತ್ತು. ನಡುವೆ 150ಕ್ಕಿಂತ ಜಾಸ್ತಿ ವ್ಯತ್ಯಾಸ. ಇದು ಕಣ್ತಪ್ಪಲ್ಲ, ದಶಮಾಂಶದ ತಕರಾರೂ ಅಲ್ಲ. ಎಂ-25ಕ್ಕೆ 20 ಅನ್ನುವುದು ಕಾಂಕ್ರೀಟಿನ ಭಾರತೀಯ ಕೋಡ್ ಐಎಸ್ 456ರ ಯಾವ ಲೆಕ್ಕದಲ್ಲೂ ಪಾಸಾಗುವುದಿಲ್ಲ. ಹಾಗಾಗಿ ನಿಮ್ಮ ಹೆಸರಿನ ಕೆಳಗೆ ಬರುವ ಆ ಒಂದು ಸಾಲು ನಿಜ ಇರಬೇಕು. ನೀವು ಗಟ್ಟಿಯಾಗಿ ನಿಲ್ಲಬೇಕಾದ ಜಾಗ ಇಷ್ಟೇ ಚಿಕ್ಕದು.

ಇನ್ನು ಸ್ಲ್ಯಾಬಿನ ವಿಷಯ. ಕ್ಯೂಬು ಫೇಲಾದ ಮಾತ್ರಕ್ಕೆ ಸ್ಲ್ಯಾಬು ಕೆಟ್ಟಿದೆ ಅಂತಲೇ ಅಲ್ಲ. ಕ್ಯೂಬು ಹಾಕುವ ಹುಡುಗ ಅಚ್ಚನ್ನು ಮೂರು ಪದರವಾಗಿ ತುಂಬಿ, ಪದರಕ್ಕೆ 35 ಪೆಟ್ಟು ಕುಟ್ಟಬೇಕು. ಊಟದ ಹೊತ್ತಾದರೆ ಹದಿನೈದೇ ಪೆಟ್ಟು ಬೀಳುತ್ತದೆ. ಮಾರನೇ ದಿನ ಅಚ್ಚು ಬಿಚ್ಚಿ ನೀರಿನ ತೊಟ್ಟಿಗೆ ಹಾಕಬೇಕು. ಎಷ್ಟೋ ಸೈಟಿನಲ್ಲಿ ಎರಡು ದಿನ ಬಿಸಿಲಲ್ಲೇ ಕೂತಿರುತ್ತವೆ. ಒಡೆಸುವಾಗ ಕಾಂಕ್ರೀಟು ತುಂಬಿದ ಮೇಲ್ಮುಖ ಪಕ್ಕಕ್ಕೆ ಬರುವಂತೆ ಇಡಬೇಕು. ಅದನ್ನೂ ಗಮನಿಸದೆ ಹಾಗೇ ಇಡುವವರಿದ್ದಾರೆ. ಇದ್ಯಾವುದರಲ್ಲಿ ಎಡವಟ್ಟಾದರೂ ನಂಬರ್ ಇಳಿಯುತ್ತದೆ, ಸ್ಲ್ಯಾಬಿಗೆ ಏನೂ ಆಗಿರುವುದಿಲ್ಲ.

ಅದರ ಉಲ್ಟಾ ಕೂಡ ಇರಬಹುದು. ಟ್ರಾನ್ಸಿಟ್ ಮಿಕ್ಸರ್ ಬಂದಾಗ ಕಾಂಕ್ರೀಟು ಗಟ್ಟಿಯಾಗಿದೆ ಅಂತ ಯಾರೋ ಪೈಪು ಹಿಡಿದು ನೀರು ಬಿಟ್ಟಿರಬಹುದು. ಆಗ ನಿಜವಾಗಿಯೂ ಸ್ಲ್ಯಾಬೇ ಬಲ ಕಳೆದುಕೊಂಡಿದೆ. ಎರಡರಲ್ಲಿ ಯಾವುದು ಅಂತ ನಿಮಗೂ ಗೊತ್ತಿಲ್ಲ, ಮ್ಯಾನೇಜರಿಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ದಾರಿಯನ್ನು ಕೋಡೇ ಬರೆದಿಟ್ಟಿದೆ. ಸ್ಲ್ಯಾಬಿನಿಂದ ಕಡಿಮೆ ಅಂದರೂ ಮೂರು ಕೋರ್, ಅಂದರೆ ಕೊರೆದ ಕಾಂಕ್ರೀಟಿನ ತುಂಡು, ತೆಗೆಯಬೇಕು. ಅವುಗಳಿಂದ ಲೆಕ್ಕ ಹಾಕಿದ ಬಲದ ಸರಾಸರಿ 25ರ ಶೇ. 85ರಷ್ಟಿರಬೇಕು, ಅಂದರೆ 21.25. ಯಾವುದೇ ಒಂದು ಕೋರ್ ಶೇ. 75ಕ್ಕಿಂತ, ಅಂದರೆ 18.75ಕ್ಕಿಂತ, ಕೆಳಗೆ ಹೋಗಬಾರದು. ಅಲ್ಲೂ ಅನುಮಾನ ಉಳಿದರೆ ಲೋಡ್ ಟೆಸ್ಟ್ ಇದೆ. ಸ್ಲ್ಯಾಬಿನ ಸ್ವಂತ ಭಾರದ ಜೊತೆಗೆ, ಬಳಕೆಯಲ್ಲಿ ಬೀಳುವ ಭಾರದ ಒಂದೂಕಾಲು ಪಟ್ಟು ಹೇರಿ 24 ಗಂಟೆ ಬಿಟ್ಟು ಎಷ್ಟು ಬಾಗಿತು ಅಂತ ಅಳೆಯುತ್ತಾರೆ. ಭಾರ ತೆಗೆದ ಮೇಲೆ 24 ಗಂಟೆಯೊಳಗೆ ಆ ಬಾಗಿದ್ದರಲ್ಲಿ ಮುಕ್ಕಾಲು ಭಾಗವಾದರೂ ವಾಪಸ್ ಬರಬೇಕು.

ಇದನ್ನೆಲ್ಲ ನಿಮಗೆ ಪಾಠ ಹೇಳಬೇಕು ಅಂತ ಬರೆಯುತ್ತಿಲ್ಲ, ನಿಮಗೆ ಗೊತ್ತಿರುವುದೇ. ನಿಮ್ಮ ಮುಂದೆ ಇರುವುದು ‘ಸಹಿ ಹಾಕು ಅಥವಾ ಕೆಲಸ ಬಿಡು’ ಅನ್ನುವ ಎರಡೇ ಬಾಗಿಲು ಅಂತ ನೀವು ಅಂದುಕೊಂಡಿದ್ದೀರಿ. ಮೂರನೆಯದು ಇದೆ, ಅದು ನಿಮ್ಮ ಪುಸ್ತಕದಲ್ಲೇ ಇದೆ. ಒತ್ತಡ ಬಂದಾಗ ಅದು ಕಾಣುವುದಿಲ್ಲ. ಎದುರಿನವರಿಗೂ ಕಾಣುವುದಿಲ್ಲ.

ಹೋದ ವರ್ಷದ ಸ್ಟಿರಪ್ ಪ್ರಸಂಗಕ್ಕೆ ಬರೋಣ. ಅಲ್ಲಿ ಹೊಸ ಡ್ರಾಯಿಂಗ್ ತೋರಿಸಿದ ಮೇಲೆ ನೀವು ಒಪ್ಪಿಕೊಂಡಿರಿ ತಾನೆ? ಹಾಗಿದ್ದರೆ ನೀವು ಹಠಮಾರಿ ಅಲ್ಲ. ಹಠಮಾರಿಗೆ ಹೊಸ ಡ್ರಾಯಿಂಗ್ ಕೊಟ್ಟರೆ ಅದರಲ್ಲೂ ತಪ್ಪು ಹುಡುಕುತ್ತಾನೆ. ಮನಸ್ಸು ಬದಲಾಯಿಸಿದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನನ್ನನ್ನು ಬದಲಾಯಿಸಿದ್ದು ಏನು? ಹೊಸ ಡ್ರಾಯಿಂಗು, ಹೊಸ ಅಳತೆ, ನನಗೆ ಗೊತ್ತಿರದ ಒಂದು ಕಾರಣ ಆಗಿದ್ದರೆ ಅದು ಬಗ್ಗಿದ್ದಲ್ಲ, ಕಲಿತದ್ದು. ಯಾರದೋ ಮುಖ, ದನಿ, ಬಿಲ್ಲಿನ ತಾರೀಕು ಆಗಿದ್ದರೆ ಅದು ಬಗ್ಗಿದ್ದೇ. ಈಗ ನಿಮಗೆ 27ರ ಪರವಾಗಿ ಯಾರಾದರೂ ಒಂದೇ ಒಂದು ಅಳತೆ ತೋರಿಸಿದ್ದಾರಾ? ಬಿಲ್ ನಿಂತಿದೆ ಅನ್ನುವುದು ಕಾಂಕ್ರೀಟಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

‘ಎಲ್ಲರೂ ಹಾಗೇ ಅಂದರು’ ಅಂತ ಬರೆದಿದ್ದೀರಲ್ಲ, ಅದರ ಬಲ ಎಷ್ಟು ಅಂತ ತಿಳಿದುಕೊಳ್ಳುವುದು ಒಳ್ಳೆಯದು. 1950ರ ದಶಕದಲ್ಲಿ ಅಮೆರಿಕದಲ್ಲಿ ಸಾಲಮನ್ ಆಶ್ ಅನ್ನುವ ಮನಃಶಾಸ್ತ್ರಜ್ಞ ಒಂದು ಪ್ರಯೋಗ ಮಾಡಿದರು. ಒಂದು ಕಾರ್ಡಿನಲ್ಲಿ ಒಂದು ಗೆರೆ. ಇನ್ನೊಂದರಲ್ಲಿ ಮೂರು ಗೆರೆ. ಆ ಮೂರರಲ್ಲಿ ಯಾವುದು ಮೊದಲನೆಯದರಷ್ಟೇ ಉದ್ದ ಅಂತ ಜೋರಾಗಿ ಹೇಳಬೇಕು. ಒಬ್ಬರೇ ಇದ್ದಾಗ ಇದರಲ್ಲಿ ತಪ್ಪಾಗುವುದು ನೂರು ಉತ್ತರಕ್ಕೆ ಒಂದಕ್ಕಿಂತ ಕಡಿಮೆ, ಅಷ್ಟು ಸುಲಭ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಆಶ್ ಕಡೆಯವರು. ಮೊದಲೇ ಮಾತಾಡಿಕೊಂಡು ಒಬ್ಬರ ನಂತರ ಒಬ್ಬರು ತಪ್ಪು ಗೆರೆಯನ್ನೇ ತೋರಿಸುತ್ತಿದ್ದರು. ಪಾಪ, ಆ ಒಬ್ಬ ಹುಡುಗನಿಗೆ ಮಾತ್ರ ಗೊತ್ತಿಲ್ಲ. ಹೀಗೆ ಎಲ್ಲರೂ ತಪ್ಪು ಹೇಳಿದ ಸುತ್ತುಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಉತ್ತರ ತಪ್ಪಾಗಿ ಬಂತು. ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಗುಂಪಿನ ಜೊತೆ ಹೋದರು. ಗೆರೆ ಕಣ್ಣ ಮುಂದೆಯೇ ಇದೆ. ಹೆದರಿಸಿದವರಿಲ್ಲ, ಸಂಬಳ ಕಟ್ ಮಾಡುತ್ತೇವೆ ಅಂದವರಿಲ್ಲ. ನಿಮಗೆ ಆ ಮೀಟಿಂಗಿನಲ್ಲಿ ಕುತ್ತಿಗೆ ಬೆವರಿದ್ದರೆ ಅದರಲ್ಲಿ ನಾಚಿಕೆಪಡುವುದು ಏನೂ ಇಲ್ಲ.

ಈ ಪ್ರಯೋಗದ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಂದಿನದು ಜಾಸ್ತಿ ಮುಖ್ಯ ಅನಿಸುತ್ತದೆ. ಗುಂಪಿನಲ್ಲಿ ಒಬ್ಬನೇ ಒಬ್ಬ ಸರಿ ಉತ್ತರ ಹೇಳುವಂತೆ ಮಾಡಿದಾಗ, ಆ ಹುಡುಗನ ತಪ್ಪುಗಳು ಕಾಲು ಭಾಗಕ್ಕೆ ಇಳಿದವು. ಒಬ್ಬನೇ ಸಾಕಾಯಿತು. ಉತ್ತರವನ್ನು ಜೋರಾಗಿ ಹೇಳುವ ಬದಲು ಕಾಗದದ ಮೇಲೆ ಬರೆಯಲು ಬಿಟ್ಟಾಗಲೂ ತಪ್ಪು ಇಳಿಯಿತು. ನಿಮಗೆ ಬೇಕಾದ ಎರಡು ಕೆಲಸ ಇದರಲ್ಲೇ ಇವೆ. ಮೀಟಿಂಗಿಗೆ ಮೊದಲು ಒಬ್ಬರನ್ನಾದರೂ ಜೊತೆ ಮಾಡಿಕೊಳ್ಳಿ. ನಿಮ್ಮ ಮಾತನ್ನು ಒಳಗೆ ಹೋಗುವ ಮೊದಲೇ ಬರೆದಿಡಿ.

ಜೊತೆ ಅಂದರೆ ಯಾರು? ನಿಮ್ಮ ಸೈಟಿನಲ್ಲೇ ಹುಡುಕಬೇಕೆಂದಿಲ್ಲ. ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಇರುತ್ತಾರೆ. ನಾಳೆ ಏನಾದರೂ ಆದರೆ ಅವರ ಹೆಸರೂ ಬರುತ್ತದೆ, ಹಾಗಾಗಿ ಅವರಿಗೂ ಈ 20 ಬೇಕಾದ ಮಾಹಿತಿಯೇ. ನಿಮ್ಮ ಕಂಪನಿಯ ಹೆಡ್ ಆಫೀಸಿನಲ್ಲಿ ಕ್ವಾಲಿಟಿ ನೋಡುವವರು ಇರಬಹುದು. ಪ್ರಾಜೆಕ್ಟ್ ಮ್ಯಾನೇಜರಿಗೆ ಬಿಲ್ಲಿನ ಚಿಂತೆ ಇದ್ದಷ್ಟು ಅವರಿಗೆ ಇರುವುದಿಲ್ಲ.

ಈಗ ಒಂದು ಸಹಿಯ ಕಥೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಅರ್ಧ ಗಂಟೆಯಲ್ಲಿ ಮುಗಿಸಿರುತ್ತಾರೆ, ನಿಧಾನವಾಗಿ ಕೇಳಬೇಕಾದ ಕಥೆ.

1986ರ ಜನವರಿ 27ರ ಸಂಜೆ. ಮಾರನೇ ದಿನ ಬೆಳಿಗ್ಗೆ ಫ್ಲಾರಿಡಾದಿಂದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಬೇಕು. ರಾತ್ರಿ ವಿಪರೀತ ಚಳಿ ಅಂತ ಹವಾಮಾನ ವರದಿ ಬಂದಿತ್ತು. ನೌಕೆಯ ಪಕ್ಕದ ಬೂಸ್ಟರ್ ರಾಕೆಟ್ ತಯಾರಿಸಿದ್ದು ಮಾರ್ಟನ್ ಥಯೋಕಾಲ್ ಕಂಪನಿ. ಅದರ ಎಂಜಿನಿಯರುಗಳು ದೂರದ ಯೂಟಾದಲ್ಲಿ ಕೂತು ನಾಸಾದವರ ಜೊತೆ ಫೋನಿನಲ್ಲಿ ಮೀಟಿಂಗ್ ಮಾಡಿದರು. ಬೂಸ್ಟರಿನ ತುಂಡುಗಳು ಸೇರುವ ಜಾಗದಲ್ಲಿ ಓ-ರಿಂಗ್ ಅನ್ನುವ ರಬ್ಬರ್ ಉಂಗುರ ಇರುತ್ತದೆ. ಚಳಿಗೆ ರಬ್ಬರ್ ಗಡುಸಾಗಿ ಸಂದು ಮುಚ್ಚುವುದು ತಡವಾಗುತ್ತದೆ, ಬಿಸಿ ಗ್ಯಾಸ್ ಹೊರಗೆ ನುಗ್ಗುತ್ತದೆ ಅನ್ನುವುದು ಅವರ ಭಯ. 53 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಾರಿಸಬೇಡಿ ಅಂತ ಹೇಳಿದರು. ರೋಜರ್ ಬಾಯ್ಸ್‌ಜೋಲಿ ಅನ್ನುವ ಎಂಜಿನಿಯರ್ ಇದೇ ಉಂಗುರದ ಬಗ್ಗೆ 1985ರ ಜುಲೈನಲ್ಲೇ ಮೇಲಿನವರಿಗೆ ಬರೆದು ಎಚ್ಚರಿಸಿದ್ದರು.

ನಾಸಾ ಕಡೆಯ ಅಧಿಕಾರಿ ಒಬ್ಬರು, “ಹಾಗಾದರೆ ಯಾವಾಗ ಹಾರಿಸಬೇಕು ಅಂತೀರಿ, ಮುಂದಿನ ಏಪ್ರಿಲ್‌ನಲ್ಲಾ?” ಅಂತ ಕೇಳಿದರು. ಕಂಪನಿಯವರು ಐದು ನಿಮಿಷ ಕೊಡಿ, ನಮ್ಮಲ್ಲೇ ಮಾತಾಡಿಕೊಳ್ಳುತ್ತೇವೆ ಅಂತ ಲೈನ್ ಬಿಟ್ಟರು. ಅದು ಅರ್ಧ ಗಂಟೆ ನಡೆಯಿತು. ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥ ಇನ್ನೂ ಹಿಂಜರಿಯುತ್ತಿದ್ದಾಗ ಹಿರಿಯ ಮ್ಯಾನೇಜರ್ ಒಬ್ಬರು “ನಿಮ್ಮ ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜರ್ ಟೋಪಿ ಹಾಕಿಕೊಳ್ಳಿ” ಅಂದರು. ಅವರು ಹಾಕಿಕೊಂಡರು. ಲೈನಿಗೆ ವಾಪಸ್ ಬಂದಾಗ ಕಂಪನಿಯ ಉತ್ತರ ‘ಹಾರಿಸಬಹುದು’ ಅಂತ ಬದಲಾಗಿತ್ತು.

ಆ ಅರ್ಧ ಗಂಟೆಯಲ್ಲಿ ಒಂದು ಹೊಸ ಅಂಕಿಯೂ ಬಂದಿರಲಿಲ್ಲ. ತಾಪಮಾನ ಏರಿರಲಿಲ್ಲ, ಉಂಗುರ ಬದಲಾಗಿರಲಿಲ್ಲ. ಬದಲಾದದ್ದು ಪ್ರಶ್ನೆ. ಮೊದಲು ‘ಸುರಕ್ಷಿತ ಅಂತ ತೋರಿಸಿ’ ಅಂತಿತ್ತು. ಆಮೇಲೆ ‘ಅಪಾಯ ಅಂತ ಸಾಬೀತು ಮಾಡಿ’ ಅಂತಾಯಿತು. ನಿಮ್ಮ ಮೀಟಿಂಗಿನಲ್ಲೂ ಇದು ನಡೆಯುತ್ತದೆ ನೋಡಿ. ‘ಸ್ಲ್ಯಾಬ್ ಬಿದ್ದೇ ಬೀಳುತ್ತೆ ಅಂತ ಹೇಳ್ತೀರಾ ಮೇಡಂ?’ ಅಂತ ಯಾರಾದರೂ ಕೇಳುತ್ತಾರೆ. ಆ ಗಾಳಕ್ಕೆ ಸಿಕ್ಕಬೇಡಿ. ಬೀಳುತ್ತೆ ಅಂತ ಹೇಳುವುದು ನಿಮ್ಮ ಕೆಲಸ ಅಲ್ಲ. ‘ನಿಲ್ಲುತ್ತೆ ಅಂತ ಹೇಳಲು ನನ್ನ ಹತ್ತಿರ ಈಗ ಆಧಾರ ಇಲ್ಲ, ಕೋರ್ ತೆಗೆದರೆ ಸಿಗುತ್ತೆ’ ಅನ್ನಿ. ಅಷ್ಟಕ್ಕೇ ನಿಲ್ಲಿಸಿ.

ಹಾರಿಸಬಹುದು ಅನ್ನುವುದನ್ನು ನಾಸಾ ಬರವಣಿಗೆಯಲ್ಲಿ ಕೇಳಿತು. ಅದಕ್ಕೆ ಸಹಿ ಹಾಕಬೇಕಾದವರು ಫ್ಲಾರಿಡಾದಲ್ಲೇ ಇದ್ದ ಕಂಪನಿಯ ಹಿರಿಯ ಎಂಜಿನಿಯರ್ ಆಲನ್ ಮೆಕ್‌ಡೊನಾಲ್ಡ್. ಅವರು ಹಾಕಲಿಲ್ಲ. ಕೂಗಾಡಲೂ ಇಲ್ಲ. ಮೂರು ಕಾರಣ ಹೇಳಿದರು: ಉಂಗುರಕ್ಕೆ ಚಳಿ, ಉಡಾವಣಾ ಕಟ್ಟೆಯ ಮೇಲೆ ಮಂಜುಗಡ್ಡೆ, ಬೂಸ್ಟರುಗಳನ್ನು ಎತ್ತಿಕೊಳ್ಳಬೇಕಾದ ಹಡಗುಗಳು ಬಿರುಗಾಳಿಗೆ ಸಿಕ್ಕಿರುವುದು. ಯೂಟಾದಿಂದ ಅವರ ಮೇಲಿನವರೇ ಸಹಿ ಮಾಡಿ ಫ್ಯಾಕ್ಸ್ ಕಳಿಸಿದರು. ಮಾರನೇ ದಿನ ನೌಕೆ ಹಾರಿತು. 73ನೇ ಸೆಕೆಂಡಿಗೆ ಆಕಾಶದಲ್ಲೇ ಒಡೆದು ಚೂರಾಯಿತು. ಏಳು ಜನ ಸತ್ತರು.

ಹಾಗಾದರೆ ಮೆಕ್‌ಡೊನಾಲ್ಡ್ ಸಹಿ ಹಾಕದೇ ಇದ್ದದ್ದರಿಂದ ಏನಾಯಿತು? ಆ ದಿನ ಏನೂ ಆಗಲಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ. ನೀವು ಸಹಿ ಹಾಕದಿದ್ದರೆ ಬೇರೆ ಯಾರೋ ಹಾಕಬಹುದು. ಅದು ನಿಮ್ಮ ಕೈಯಲ್ಲಿಲ್ಲ. ಆದರೆ ತನಿಖಾ ಆಯೋಗ ಕೂತಾಗ, ಹಿಂದಿನ ಸಾಲಿನಲ್ಲಿದ್ದ ಮೆಕ್‌ಡೊನಾಲ್ಡ್ ಎದ್ದು ನಿಂತು ಉಡಾವಣೆಯ ಹಿಂದಿನ ರಾತ್ರಿ ನಾವು ಬೇಡ ಅಂದಿದ್ದೆವು ಅಂತ ಹೇಳಿದರು. ಕಂಪನಿ ಅವರನ್ನು ಮೂಲೆಗೆ ತಳ್ಳಿತು. ಅಮೆರಿಕದ ಸಂಸತ್ತಿನಲ್ಲಿ ಗಲಾಟೆಯಾದ ಮೇಲೆ ವಾಪಸ್ ತಂದು, ಬೂಸ್ಟರಿನ ಸಂದನ್ನು ಹೊಸದಾಗಿ ವಿನ್ಯಾಸ ಮಾಡುವ ಹೊಣೆಯನ್ನೇ ಕೊಟ್ಟಿತು. 1988ರ ಸೆಪ್ಟೆಂಬರಿನಲ್ಲಿ ನೌಕೆಗಳು ಮತ್ತೆ ಹಾರಿದ್ದು ಆ ಹೊಸ ಸಂದಿನ ಮೇಲೆ. ಬಾಯ್ಸ್‌ಜೋಲಿ ಅವರಿಗೆ ಅಷ್ಟು ಅದೃಷ್ಟ ಇರಲಿಲ್ಲ. ಸಹೋದ್ಯೋಗಿಗಳು ದೂರ ಮಾಡಿದರು, ಆರೋಗ್ಯ ಕೆಟ್ಟಿತು, ಕಂಪನಿ ಬಿಟ್ಟರು. ಆಮೇಲೆ ಪ್ರಶಸ್ತಿ ಬಂತು, ಕಾಲೇಜುಗಳಲ್ಲಿ ಭಾಷಣ ಮಾಡಿದರು. ಒಂದೇ ರಾತ್ರಿ, ಒಂದೇ ಮಾತು, ಇಬ್ಬರಿಗೆ ಎರಡು ಥರದ ಬದುಕು. ಗಟ್ಟಿ ನಿಂತವರಿಗೆ ಕೊನೆಗೆ ಒಳ್ಳೆಯದೇ ಆಗುತ್ತದೆ ಅಂತ ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ.

ನಮ್ಮ ದೇಶದ್ದೇ ಒಂದು ಉದಾಹರಣೆ ಬೇಕಾದರೆ, ನ್ಯಾಯಮೂರ್ತಿ ಎಚ್.ಆರ್. ಖನ್ನಾ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಕಾರಣ ಹೇಳದೆ ಜೈಲಿಗೆ ಹಾಕಿದ ಜನ ಕೋರ್ಟಿಗೆ ಹೋಗಬಹುದೇ ಅನ್ನುವ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದಿತ್ತು. ಬೆಂಗಳೂರಿನಲ್ಲಿ ಬಂಧನದಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಕರ್ನಾಟಕ ಹೈಕೋರ್ಟಿಗೆ ಹೋಗಿದ್ದೂ ಇದೇ ಪ್ರಶ್ನೆ ಹಿಡಿದುಕೊಂಡು. 1976ರ ಏಪ್ರಿಲ್ 28ರಂದು ತೀರ್ಪು ಬಂತು. ನಾಲ್ವರು ನ್ಯಾಯಮೂರ್ತಿಗಳು ಹೋಗುವಂತಿಲ್ಲ ಅಂದರು. ಖನ್ನಾ ಒಬ್ಬರೇ ಹೋಗಬಹುದು ಅಂತ ಬರೆದರು. 1977ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರಿಗೆ ಸಿಗಬೇಕಿತ್ತು, ಕಿರಿಯರಿಗೆ ಕೊಟ್ಟರು. ಅವರು ರಾಜೀನಾಮೆ ಕೊಟ್ಟು ಮನೆಗೆ ಹೋದರು. ಅವರು ಬರೆದದ್ದು ಮಾತ್ರ ಕಡತದಲ್ಲಿ ಉಳಿಯಿತು. 2017ರಲ್ಲಿ ಸುಪ್ರೀಂ ಕೋರ್ಟು ಆ ನಾಲ್ವರ ತೀರ್ಪನ್ನು ತಳ್ಳಿಹಾಕಿತು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. (ತಂದೆ ಬರೆದ ತೀರ್ಪನ್ನು ಮಗನೇ ತಪ್ಪು ಅಂದ ಪ್ರಸಂಗವೂ ಅದೇ. ಆ ನಾಲ್ವರಲ್ಲಿ ವೈ.ವಿ. ಚಂದ್ರಚೂಡ್ ಒಬ್ಬರಾಗಿದ್ದರು, 2017ರಲ್ಲಿ ಅದನ್ನು ತಳ್ಳಿಹಾಕಿ ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್.) ನಿಮ್ಮ ಕ್ಯೂಬ್ ರಿಪೋರ್ಟು ಸುಪ್ರೀಂ ಕೋರ್ಟಿನ ವಿಷಯ ಅಲ್ಲ, ಗೊತ್ತು. ಬರೆದಿಟ್ಟದ್ದು ಉಳಿಯುತ್ತದೆ ಅನ್ನುವುದಕ್ಕೆ ಮಾತ್ರ ಹೇಳಿದೆ. ಮೀಟಿಂಗಿನಲ್ಲಿ ಗಂಟಲು ಹರಿದುಕೊಂಡಿದ್ದು ಯಾರಿಗೂ ನೆನಪಿರುವುದಿಲ್ಲ.

ಹಿಂದೆ ಸರಿಯುವುದೆಲ್ಲ ಸೋಲೂ ಅಲ್ಲ. 1922ರ ಫೆಬ್ರವರಿಯಲ್ಲಿ ಚೌರಿ ಚೌರಾದಲ್ಲಿ ಗುಂಪು ಪೊಲೀಸ್ ಠಾಣೆಗೆ ಬೆಂಕಿ ಇಟ್ಟು ಪೊಲೀಸರು ಸತ್ತಾಗ ಗಾಂಧೀಜಿ ಅಸಹಕಾರ ಚಳವಳಿಯನ್ನೇ ನಿಲ್ಲಿಸಿಬಿಟ್ಟರು. ಜೈಲಿನಲ್ಲಿದ್ದ ಎಷ್ಟೋ ನಾಯಕರಿಗೆ ಸಿಟ್ಟು ಬಂತು. ಗಾಂಧೀಜಿ ಮಾಡಿದ್ದು ಸರಿಯೇ ಅಂತ ಇವತ್ತಿಗೂ ವಾದ ಇದೆ, ನನಗೂ ಪೂರ್ತಿ ಒಪ್ಪಿಗೆ ಇಲ್ಲ. ಆದರೆ ಅವರು ಬಿಟ್ಟುಕೊಟ್ಟದ್ದು ಚಳವಳಿಯನ್ನು, ಹಿಡಿದುಕೊಂಡದ್ದು ಅಹಿಂಸೆಯನ್ನು. ಯಾವುದು ಯಾವುದಕ್ಕಿಂತ ದೊಡ್ಡದು ಅಂತ ಅವರಿಗೆ ಮೊದಲೇ ಗೊತ್ತಿತ್ತು. ನಿಮಗೂ ಗೊತ್ತಿರಲಿ. ನಂಬರ್ ಒಂದನ್ನು ಬಿಟ್ಟು ಉಳಿದದ್ದರಲ್ಲಿ ಧಾರಾಳವಾಗಿರಿ. ತಪ್ಪು ಯಾರದ್ದು ಅಂತ ರಿಪೋರ್ಟಿನಲ್ಲಿ ಬರೆಯಬೇಡಿ, ಬರೆಯಲು ನಿಮಗೆ ಗೊತ್ತೂ ಇಲ್ಲ. ಕೋರ್ ತೆಗೆಸುವ ಯೋಚನೆ ಮ್ಯಾನೇಜರದ್ದೇ ಅಂತ ಎಲ್ಲರಿಗೂ ಅನಿಸಿದರೆ ಅನಿಸಲಿ. ಕ್ಲೈಂಟಿಗೆ ಮೊದಲು ತಾವೇ ಫೋನ್ ಮಾಡಿ ಹೇಳುತ್ತೇನೆ ಅಂದರೆ ಒಂದು ದಿನ ಬಿಡಿ. ಸ್ಟಿರಪ್ ವಿಷಯ ಎತ್ತಿದರೆ “ಹೌದು ಸರ್, ಆವತ್ತು ನಂದೇ ತಪ್ಪು. ಅದಕ್ಕೇ ಈ ಸಲ ಕೋರ್ ತೆಗೆದು ಖಾತ್ರಿ ಮಾಡಿಕೊಳ್ಳೋಣ ಅಂತಿದ್ದೇನೆ” ಅನ್ನಿ. ಅವರ ಬಾಣ ಅಲ್ಲಿಗೆ ಮೊಂಡಾಗುತ್ತದೆ.

ನಾಳೆ ಮಾಡಬೇಕಾದದ್ದು ಇಷ್ಟು. ಎಲ್ಲಕ್ಕಿಂತ ಮೊದಲು ಸೈಟು. ಆ ಸ್ಲ್ಯಾಬಿನ ಕೆಳಗಿನ ಪ್ರಾಪ್ (ಆಸರೆ ಕಂಬ) ತೆಗೆದಿದ್ದರೆ ಮತ್ತೆ ಕೊಡಿಸಲು ಹೇಳಿ. ಮೇಲೆ ಇಟ್ಟಿಗೆ, ಮರಳು, ಸಿಮೆಂಟ್ ಮೂಟೆ ರಾಶಿ ಹಾಕಲು ಬಿಡಬೇಡಿ. ಇದಕ್ಕೆ ಯಾರ ಜೊತೆಗೂ ವಾದ ಬೇಕಾಗಿಲ್ಲ, ಮೇಸ್ತ್ರಿಗೆ ಹೇಳಿದರೆ ಅವನೇ ಮಾಡುತ್ತಾನೆ. ಈ ವಿಷಯದಲ್ಲಿ ಮೇಸ್ತ್ರಿಗಳು ನಮ್ಮ ಮ್ಯಾನೇಜರುಗಳಿಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಾರೆ, ಆ ಸ್ಲ್ಯಾಬಿನ ಕೆಳಗೆ ಮಲಗುವವರು ಅವರ ಕಡೆಯವರೇ ಅಲ್ವಾ?

ಆಮೇಲೆ ಒಂದು ಮೇಲ್. ವಾಟ್ಸಾಪ್ ಗ್ರೂಪಿನಲ್ಲಿ ಹಾಕಬೇಡಿ, ಅಲ್ಲಿ ಹಾಕಿದರೆ ಮ್ಯಾನೇಜರನ್ನು ಎಲ್ಲರ ಮುಂದೆ ನಿಲ್ಲಿಸಿದ ಹಾಗೆ. ಅವಮಾನ ಆದ ಮನುಷ್ಯ ಒಪ್ಪಬೇಕಾದದ್ದನ್ನೂ ಒಪ್ಪುವುದಿಲ್ಲ. ಮೇಲ್ ಅವರಿಗೇ ಹೋಗಲಿ, ಹೆಡ್ ಆಫೀಸಿನ ಕ್ವಾಲಿಟಿಯವರಿಗೆ ಪ್ರತಿ ಇರಲಿ. ಐದಾರು ಸಾಲು ಸಾಕು. ಸ್ಲ್ಯಾಬ್ ಯಾವುದು, ಕಾಂಕ್ರೀಟು ಹಾಕಿದ ತಾರೀಕು, ಒಡೆಸಿದ ತಾರೀಕು, ಮೂರು ಕ್ಯೂಬಿನ ರೀಡಿಂಗು, ಸರಾಸರಿ. ‘ಕೋಡಿನ ಪ್ರಕಾರ ಕೋರ್ ಟೆಸ್ಟ್ ಮಾಡಿಸಬೇಕು ಅಂತ ನನ್ನ ಸಲಹೆ. ಈ ವಾರ ಏಜೆನ್ಸಿ ಕರೆಸಬಹುದು. ಅಲ್ಲಿಯವರೆಗೆ ಈ ಭಾಗದ ಮೇಲೆ ಭಾರ ಹಾಕದಿರೋಣ. ಸ್ಟ್ರಕ್ಚರಲ್ ಕನ್ಸಲ್ಟೆಂಟ್ ಅಭಿಪ್ರಾಯ ಕೇಳೋಣ.’ ಅಷ್ಟೇ. 27 ಅಂತ ಬರೆಯಲು ಯಾರು ಹೇಳಿದರು ಅನ್ನುವುದು ಆ ಮೇಲ್‌ನಲ್ಲಿ ಬರಬಾರದು. ಅದನ್ನು ಮನೆಯಲ್ಲಿ ನಿಮ್ಮದೇ ನೋಟ್‌ಬುಕ್ಕಿನಲ್ಲಿ ತಾರೀಕು ಸಮೇತ ಬರೆದಿಟ್ಟುಕೊಳ್ಳಿ.

ಬಿಲ್ಲಿನ ವಿಷಯ ಅವರು ಎತ್ತೇ ಎತ್ತುತ್ತಾರೆ. ಆ ಸ್ಲ್ಯಾಬಿನ ಮೊತ್ತ ತಡೆದು ಉಳಿದ ಬಿಲ್ ಕಳಿಸಬಹುದಾ ಅಂತ ನೀವೇ ಕೇಳಿ. ಎಷ್ಟೋ ಸಲ ಬಿಲ್ ಪೂರ್ತಿ ನಿಲ್ಲಬೇಕಾದ ಅಗತ್ಯವೇ ಇರುವುದಿಲ್ಲ, ಯಾರೂ ಕೇಳಿರುವುದಿಲ್ಲ.

ನಿಮ್ಮ ಅಪ್ಪನ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಲೋನಿನ ಕಂತು ಕಟ್ಟುವವರು ನೀವು, ನಾನಲ್ಲ. ಹಾಗಾಗಿ ಅವರಿಗೂ ಅರ್ಥವಾಗುವ ಹಾಗೆ ಹೇಳಿ. ಧಾರವಾಡದಲ್ಲಿ 2019ರ ಮಾರ್ಚಿನಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದದ್ದು ಅವರಿಗೆ ನೆನಪಿರುತ್ತದೆ. ಆಗ ಕೇಸು ಮಾಲೀಕರ ಮೇಲೆ ಮಾತ್ರ ಬೀಳಲಿಲ್ಲ, ಎಂಜಿನಿಯರ್ ಮೇಲೂ ಬಿತ್ತು. ಸಹಿ ಹಾಕಿದರೆ ಕೆಲಸ ಉಳಿಯುತ್ತದೆ ಅಂತ ಅಪ್ಪ ಅಂದುಕೊಂಡಿದ್ದಾರೆ. ಏನಾದರೂ ಆದ ದಿನ ಮ್ಯಾನೇಜರ್ ಬಾಯಲ್ಲಿ ಹೇಳಿದ್ದು ಎಲ್ಲೂ ಇರುವುದಿಲ್ಲ, ಕಾಗದದಲ್ಲಿ ಮಗಳ ಹೆಸರು ಇರುತ್ತದೆ. ಇದನ್ನು ಹೇಳಿದರೆ ಅವರೇ ಬೇಡ ಅನ್ನಬಹುದು. ಜೊತೆಗೆ ಕಂತು ಮತ್ತು ಮನೆ ಖರ್ಚಿಗೆ ಮೂರು ತಿಂಗಳ ದುಡ್ಡು ಕೈಯಲ್ಲಿದೆಯಾ ನೋಡಿಕೊಳ್ಳಿ, ರೆಸ್ಯೂಮೆ ಸರಿಮಾಡಿಡಿ, ಹಳೇ ಸಹಪಾಠಿಗಳಿಗೆ ಎರಡು ಫೋನ್ ಮಾಡಿ. ಕೆಲಸ ಹೋಗೇ ಹೋಗುತ್ತದೆ ಅಂತಲ್ಲ. ಬೇರೆ ದಾರಿ ಇದೆ ಅಂತ ಗೊತ್ತಿದ್ದರೆ ಮೀಟಿಂಗಿನಲ್ಲಿ ದನಿ ನಡುಗುವುದಿಲ್ಲ. ಬಹಳ ಜನ ಬಗ್ಗುವುದು ಧೈರ್ಯ ಇಲ್ಲದೆ ಅಲ್ಲ, ಮುಂದಿನ ತಿಂಗಳ ಕಂತಿಗೆ ದುಡ್ಡಿಲ್ಲದೆ.

ಕೋರ್ ರಿಪೋರ್ಟ್ ಬಂದು ಸರಾಸರಿ 21.25ಕ್ಕಿಂತ ಮೇಲಿದ್ದು, ಮೂರರಲ್ಲಿ ಯಾವುದೂ 18.75ಕ್ಕಿಂತ ಕೆಳಗಿಲ್ಲದಿದ್ದರೆ, ಅದಕ್ಕೆ ಸಹಿ ಹಾಕಲು ಮೀನಮೇಷ ಎಣಿಸಬೇಡಿ. ‘ನಾನು ಹೇಳಿದ್ದು ಸುಳ್ಳಾಯಿತಲ್ಲ’ ಅನ್ನುವ ಸಂಕಟ ಬೇಡ. ನೀವು ಹೇಳಿದ್ದು ಕ್ಯೂಬಿನಲ್ಲಿ 20 ಬಂತು ಅಂತ, ಅದು ಆಗಲೂ ನಿಜವೇ. ಕಡಿಮೆ ಬಂದರೆ ಮುಂದಿನದು ಕನ್ಸಲ್ಟೆಂಟ್ ತಲೆನೋವು. ಲೋಡ್ ಟೆಸ್ಟ್ ಮಾಡುತ್ತಾರೋ, ಸ್ಲ್ಯಾಬಿಗೆ ಬಲ ಕೊಡಿಸುತ್ತಾರೋ, ಒಡೆಸುತ್ತಾರೋ ಅವರು ಹೇಳಲಿ.

ಕೊನೆಗೆ ಒಂದು ವಿಷಯ, ಪತ್ರದಲ್ಲಿ ನೀವು ಬರೆಯದೇ ಇದ್ದದ್ದು. ಕ್ಯೂಬ್ ಒಡೆಸಿದ ಲ್ಯಾಬ್ ಹುಡುಗ ಒಬ್ಬ ಇರಬೇಕಲ್ಲ. ಡಿಪ್ಲೊಮಾನೋ ಐಟಿಐನೋ ಮಾಡಿಕೊಂಡು ಬಂದವನು, ಸಂಬಳ ನಿಮ್ಮದರ ಅರ್ಧವೂ ಇರುವುದಿಲ್ಲ. ನೀವು ಸಹಿ ಹಾಕಲ್ಲ ಅಂದ ಕೂಡಲೇ ಒತ್ತಡ ಅವನ ಕಡೆ ತಿರುಗುತ್ತದೆ. “ರಿಜಿಸ್ಟರಿನ ಆ ಪುಟ ಹರಿದು ಹೊಸದಾಗಿ ಬರೆಯೋ” ಅಂತ ಹೇಳಿದರೆ ಅವನು ಯಾರ ಹತ್ತಿರ ಹೋಗುತ್ತಾನೆ? ಅವನಿಗೆ ನೀವು ಮಾಡಿದಷ್ಟು ಯೋಚನೆ ಮಾಡುವ ಪುರಸೊತ್ತೂ ಕೊಡುವುದಿಲ್ಲ. ಇವತ್ತೇ ಹೋಗಿ ಆ ಪುಟದ ಫೋಟೋ ತೆಗೆದುಕೊಳ್ಳಿ. ಅವನ ಸಹಿಯ ಪಕ್ಕದಲ್ಲಿ ನಿಮ್ಮ ಸಹಿ ಹಾಕಿ, ತಾರೀಕು ಬರೆಯಿರಿ. ಯಾರಾದರೂ ಕೇಳಿದರೆ ‘ಮೇಡಂ ನೋಡಿ ಸಹಿ ಮಾಡಿದ್ದಾರೆ, ಅವರನ್ನೇ ಕೇಳಿ’ ಅನ್ನು ಅಂತ ಅವನಿಗೆ ಹೇಳಿಬನ್ನಿ. ಒಡೆದ ಕ್ಯೂಬಿನ ಚೂರುಗಳನ್ನೂ ಈಗಲೇ ಎಸೆಯಬೇಡ, ಗುರುತು ಹಾಕಿ ಒಂದು ಚೀಲದಲ್ಲಿ ಕಟ್ಟಿಡು ಅನ್ನಿ.